ಯಲ್ಲಾಲಿಂಗನಿಗೆ ಈ ವರ್ಷದ ವೀಳ್ಯ

ನಮ್ಮ ಊರಿನ ಬೀರೇಶ್ವರ ಕಬಡ್ಡಿ ತಂಡದಲ್ಲಿ ಒಂದು ಪದ್ಧತಿ ಇದೆ. ಪ್ರತಿ ವರ್ಷ ಶೀಗಿ ಹುಣ್ಣಿಮೆಯ ಬೆಳಿಗ್ಗೆ ಬೀರಪ್ಪನ ಗುಡಿಯ ಮುಂದೆ ಆಟಗಾರರನ್ನು ನಿಲ್ಲಿಸಿ, ಹಣೆಗೆ ದೇವರ ಭಂಡಾರದ ಅರಿಶಿನ ಹಚ್ಚಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ಕೈಗೆ ವೀಳ್ಯ ಕೊಡುತ್ತೇವೆ. ಐದು ಎಲೆ, ಒಂದು ಅಡಿಕೆ. ಅದನ್ನು ತೆಗೆದುಕೊಂಡವನು ಮುಂದಿನ ಶೀಗಿ ಹುಣ್ಣಿಮೆಯ ತನಕ ನಮ್ಮವನು. ಬೇರೆ ಊರಿನವರು ಏನು ಆಸೆ ತೋರಿಸಿದರೂ ಹೋಗುವಂತಿಲ್ಲ. ಹೆಸರು ಕರೆಯದೆ ಉಳಿದವನು ಎಲ್ಲಿ ಬೇಕಾದರೂ ಆಡಬಹುದು. ನೀನು ಬೇಡ ಎಂದು ಬಾಯಿ ಬಿಟ್ಟು ಹೇಳುವ ರೂಢಿ ಇಲ್ಲ. ತಟ್ಟೆ ಖಾಲಿಯಾಗುತ್ತದೆ, ಮನುಷ್ಯ ಅರ್ಥ ಮಾಡಿಕೊಂಡು ಮನೆಗೆ ಹೋಗುತ್ತಾನೆ.

ಹತ್ತೊಂಬತ್ತು ವರ್ಷಗಳಿಂದ ಆ ತಟ್ಟೆ ಹಿಡಿದವನು ನಾನು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ಕೊನೆಯ ಮಾತು ಹೇಳುವವನೂ ನಾನೇ. ಎರಡು ಸಾವಿರದ ಒಂಬತ್ತನೇ ಇಸವಿಯಲ್ಲಿ ಹುಣ್ಣಿಮೆಗೆ ಐದು ದಿನ ಇರುವಾಗ ಪಾರಿಸಪ್ಪನ ಗೊಬ್ಬರದ ಅಂಗಡಿಯಲ್ಲಿ ಮೂವರು ಕೂತೆವು. ಪಾರಿಸಪ್ಪ ತೇರದಾಳ ಕಡೆಯಿಂದ ಬಂದು ನಮ್ಮೂರಲ್ಲಿ ಅಂಗಡಿ ಹಾಕಿದವನು. ತಂಡಕ್ಕೆ ಬನಿಯನ್ನು, ಚಡ್ಡಿ ಕೊಡಿಸುತ್ತಾನೆ. ಎರಡು ಖೋಲಿಯ ಒಂದು ಮನೆಯನ್ನೂ ತಂಡಕ್ಕೆಂದು ಬಿಟ್ಟುಕೊಟ್ಟಿದ್ದಾನೆ. ಮೂರನೆಯವನು ಕಾಶಪ್ಪ, ನನ್ನ ಅಕ್ಕನ ಮಗ. ಹುಡುಗರಿಗೆ ಆಟ ಕಲಿಸುವವನು ಅವನು.

ಮಾತು ಒಂದೇ ಇತ್ತು. ಯಲ್ಲಾಲಿಂಗನಿಗೆ ಈ ವರ್ಷ ವೀಳ್ಯ ಕೊಡಬೇಕೋ ಬಿಡಬೇಕೋ.

ಯಲ್ಲಾಲಿಂಗ ನಮ್ಮ ರೈಡರ್. ಒಂದು ಕಾಲದಲ್ಲಿ ಅವನು ಗೆರೆ ದಾಟಿ ಆ ಕಡೆ ಕಾಲಿಟ್ಟರೆ ಮುಧೋಳದಿಂದ ಬಂದ ಗಟ್ಟಿ ಗಟ್ಟಿ ಆಳುಗಳು ಹಿಂದೆ ಸರಿಯುತ್ತಿದ್ದರು. ಈಗ ಅವನಿಗೆ ಮೂವತ್ಮೂರು.

"ಮಾವಾ, ನಾ ಸಿಟ್ಟಿನಿಂದ ಹೇಳಾಕತ್ತಿಲ್ಲ," ಕಾಶಪ್ಪ ಶುರು ಮಾಡಿದ. "ಹೋದ ವರ್ಷ ಮುಧೋಳದಾಗ ಹನ್ನೊಂದು ರೈಡ್ ಹೋದ. ಐದ ಸಲ ಹಿಡದ್ರು. ಮೂರ ಸಲ ಬರಿಗೈಲೆ ಬಂದ. ಈಗ ಅಂವ ರೈಡಿಗೆ ಹೋದ್ರ ಆ ಕಡಿಯವ್ರು ಚಾ ಕುಡದು, ಕಪ್ಪು ತೊಳದಿಟ್ಟು, ಆಮ್ಯಾಲೆ ಹಿಡೀತಾರ."

ಪಾರಿಸಪ್ಪ ನಕ್ಕ. ನಾನು ನಗಲಿಲ್ಲ.

"ಅನುಭವ ಅಂತ ಒಂದು ಐತಿ," ಎಂದೆ. "ಕಡೀ ಎರಡು ನಿಮಿಷದಾಗ ಹುಡುಗ್ರು ಗಾಬರಿ ಆಗ್ತಾರ. ಅಂವ ಆಗೂದಿಲ್ಲ."

"ಗಾಬರಿ ಆಗೂದಿಲ್ಲ, ಖರೆ. ಸಮಾಧಾನದಿಂದ ಹೋಗಿ ಸಮಾಧಾನದಿಂದ ಸಿಕ್ಕೊಂಡು ಕುಂದರ್ತಾನ." ಕಾಶಪ್ಪ ಮುಂದೆ ಬಾಗಿದ. "ರಬಕವಿ ಪರಮೇಶ ಖಾಲಿ ಅದಾನ. ಇಪ್ಪತ್ತೆರಡು ವರ್ಷ. ಅಂವನ ಕಾಲ ನೋಡಬೇಕ್ರಿ ನೀವು. ಮುಧೋಳದವ್ರೂ ಬೆನ್ನ ಹತ್ಯಾರ. ನಾವು ಹುಣ್ಣಿವಿಗೆ ವೀಳ್ಯ ಕೊಡಲಿಲ್ಲಂದ್ರ ಮರುದಿನ ಅವರ ಕಡೆ ಹೋಗ್ತಾನ."

"ಇಬ್ಬರೂ ಇರಲಿ."

"ಇರಾಕ ಮನಿ ಒಂದ ಐತಲ್ಲ. ಪರಮೇಶಂದು ನೇಕಾರಿಕಿ. ಹೆಂಡ್ತಿ ಕರಕೊಂಡು, ಮಗ್ಗ ತಗೊಂಡು ಬರ್ತೀನಿ ಅಂತಾನ. ಮಗ್ಗ ಹಾಕಾಕ ಒಂದು ಖೋಲಿ, ಇರಾಕ ಒಂದು ಖೋಲಿ. ಅದಿಲ್ಲಂದ್ರ ಬರೂದಿಲ್ಲ."

ಆ ಎರಡು ಖೋಲಿಯಲ್ಲಿ ಯಲ್ಲಾಲಿಂಗ, ಅವನ ಹೆಂಡತಿ ಶಿವಗಂಗವ್ವ, ಇಬ್ಬರು ಹೆಣ್ಣುಮಕ್ಕಳು ಏಳು ವರ್ಷದಿಂದ ಇದ್ದರು. ವೀಳ್ಯ ತಪ್ಪಿದರೆ ಮನೆಯೂ ತಪ್ಪುತ್ತದೆ. ಅದನ್ನು ಮೂವರಲ್ಲಿ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಪಾರಿಸಪ್ಪ ಗಡಿಯಾರ ನೋಡಿದ. ಜೈನ ಅವನು, ಹೊತ್ತು ಮುಳುಗುವ ಮೊದಲು ಉಣ್ಣಬೇಕು. "ಮನಿ ನಂದು ಖರೆ. ಆದ್ರ ಕೊಟ್ಟಿದ್ದು ತಂಡಕ್ಕ. ಯಾರು ಇರಬೇಕು ನೀ ಹೇಳು, ಹಾಲಸಿದ್ದಪ್ಪ. ನಾ ಉಣ್ಣಾಕ ಹೋಗಬೇಕು."

ಆಟದ ಲೆಕ್ಕದಲ್ಲಿ ಕಾಶಪ್ಪನ ಮಾತು ಪೂರ್ತಿ ಸರಿ ಇತ್ತು. ನಾನು ಕುರಿ ಸಾಕಿದವನು, ಹೊಲ ಮಾಡಿದವನು. ಯಾವ ಎತ್ತು ಇನ್ನೊಂದು ವರ್ಷ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಆದರೂ ಹೇಳಿದೆ:

"ನಾ ತಟ್ಟಿ ಹಿಡಿಯೂತನಕ ಅವನ ಹೆಸರು ಕರೀತೀನಿ. ಬ್ಯಾಡಾಗಿದ್ರ ತಟ್ಟಿ ಬ್ಯಾರೆಯವ್ರ ಕೈಯಾಗ ಕೊಡ್ರಿ."

ಅದಕ್ಕೆ ಎದುರು ಮಾತಾಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅದು ಗೊತ್ತಿದ್ದೇ ಹಾಗೆ ಹೇಳಿದ್ದೆ. ಅಂಗಡಿಯ ಮೆಟ್ಟಿಲು ಇಳಿಯುವಾಗ ಕಾಶಪ್ಪ ಜೊತೆಗೆ ಬಂದ.

"ಮಾವಾ, ಹೋದ ಸಲ ನಿಮ್ಮ ಸ್ವಂತ ತಮ್ಮನ ಮಗನ್ನ ಬಿಟ್ಟೀರಿ. ಕಣ್ಣ ಮಿಟುಕಿಸಲಿಲ್ಲ. ಇವನ ಮ್ಯಾಲೆ ಯಾಕ ಇಷ್ಟು?"

"ಹೊರಗಿನವ. ಊರಿಲ್ಲ ಅವಂಗ."

"ಅಷ್ಟ ಕಳಕಳಿ ಇದ್ರ ಒಂದ ಕೆಲಸ ಮಾಡ್ರಿ. ನಾಳೆ ಮುಂಜಾನೆ ಹೋಗಿ ಅವನ ಮೊಣಕಾಲು ನೋಡಿ ಬರ್ರಿ. ದೂರ ನಿಂತು ಅಲ್ಲ. ಹತ್ರ ಕುಂತು."

ಊರಿಲ್ಲ ಅವನಿಗೆ ಎಂದು ಎಷ್ಟು ಸಲೀಸಾಗಿ ಹೇಳಿಬಿಟ್ಟೆ. ಮನೆಯ ತನಕ ಆ ಮಾತು ನನ್ನ ಜೊತೆಗೇ ಬಂತು.

ಯಲ್ಲಾಲಿಂಗನ ಊರು ಬೀಳಗಿ ಕಡೆಯ ಹೊಳೆಸಿದ್ದಾಪುರ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಲ್ಲಿ ಹೋಯಿತು. ಅದು ಮುಳುಗುವ ಮೊದಲು, ಎರಡು ಸಾವಿರದ ಒಂದರಲ್ಲಿ, ಅವನು ಕುರಿ ಹೊಡೆದುಕೊಂಡು ನಮ್ಮ ಕಡೆ ಬಂದಿದ್ದ. ನಮ್ಮ ಹೊಲದಲ್ಲಿ ಹಟ್ಟಿ ಹಾಕಿದ್ದ. ಸಂಜೆ ನಮ್ಮ ಹುಡುಗರ ಜೊತೆ ಸುಮ್ಮನೆ ಆಡಿದ. ನಾನು ಎಮ್ಮೆ ಬಿಟ್ಟು ನಿಂತು ನೋಡಿದೆ. ಅಂಥ ಕಾಲು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ಆ ವರ್ಷ ಜಮಖಂಡಿಯ ಪಂದ್ಯದಲ್ಲಿ ಹೊಸ ನಿಯಮ ಬಂತು. ಊರೂರಿನವರು ಹೊರಗಿನಿಂದ ಆಳು ತಂದು ಆಡಿಸುತ್ತಿದ್ದಾರೆ ಎಂದು ಜಗಳವಾಗಿತ್ತು. ಹಾಗಾಗಿ ಪ್ರತಿಯೊಬ್ಬ ಆಟಗಾರನೂ ತಾನು ಆಡುವ ಊರಿನಲ್ಲೇ ವಾಸ ಇದ್ದೇನೆ ಎಂದು ಕಾಗದ ತರಬೇಕು ಎಂದರು. ನಾನು ಆಗ ಪಂಚಾಯಿತಿ ಮೆಂಬರ್. ನನಗೆ ಅದು ಎಷ್ಟರ ಕೆಲಸ. ಯಲ್ಲಾಲಿಂಗನ ಹೆಸರನ್ನು ಅವನ ಅಣ್ಣನ ರೇಷನ್ ಕಾರ್ಡಿನಿಂದ ತೆಗೆಸಿ ನನ್ನ ಮನೆಯ ಕಾರ್ಡಿಗೆ ಸೇರಿಸಿದೆ. ಐದು ವರ್ಷದಿಂದ ನಮ್ಮಲ್ಲೇ ವಾಸ ಇದ್ದಾನೆ ಎಂದು ಬರೆಸಿದೆ. ಅರ್ಜಿಯ ಮೇಲೆ ಸಹಿ ಮಾಡು ಎಂದೆ. ಏನು ಬರೆದಿದೆ ಎಂದು ಅವನು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಸಲ ಗೆದ್ದವರಿಗೆ ಕೊಡುವ ಜಮಖಂಡಿಯ ಢಾಲು ನಮಗೆ ಬಂತು. ಊರು ತುಂಬ ಮೆರವಣಿಗೆ ಮಾಡಿದೆವು.

ನಾಲ್ಕು ತಿಂಗಳ ಮೇಲೆ ಮುಳುಗಡೆ ಊರಿನ ಸರ್ವೇ ಆಯಿತು. ಹದಿನೆಂಟು ದಾಟಿದ ಗಂಡುಮಕ್ಕಳಿಗೆ ಪುನರ್ವಸತಿ ಕೇಂದ್ರದಲ್ಲಿ ಬೇರೆ ಬೇರೆ ಪ್ಲಾಟು. ರೇಷನ್ ಕಾರ್ಡು ನೋಡಿ ಮಾಡಿದ ಪಟ್ಟಿಯಲ್ಲಿ ಅಣ್ಣ ಗೂಳಪ್ಪನ ಹೆಸರಿತ್ತು, ಯಲ್ಲಾಲಿಂಗನದು ಇರಲಿಲ್ಲ. ಆಗ ಅವನು ನನ್ನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ್ದು ಇಷ್ಟೇ: "ಅಣ್ಣ ನನ್ನ ಹೆಸರು ಬರಸಲಿಲ್ಲ ಕಾಕಾ. ಜಾಗದ ಆಸೆಗೆ ನನ್ನ ತಗದಬಿಟ್ಟ."

ಅವನು ಹಾಗೆ ಹೇಳಿದ ಕೂಡಲೇ ನನಗೆ ಎಲ್ಲ ಹೊಳೆಯಿತು. ಅವನ ಹೆಸರು ತೆಗೆದವನು ಅಣ್ಣ ಅಲ್ಲ, ನಾನು. ತಕರಾರು ಕೊಡಲು ಒಂದು ತಿಂಗಳು ಅವಕಾಶ ಇತ್ತು. ನಾನು ಹೋಗಿ, ಈ ವಾಸದ ಕಾಗದ ಸುಳ್ಳು, ಆಟಕ್ಕಾಗಿ ಮಾಡಿಸಿದ್ದು ಎಂದು ಹೇಳಿದ್ದರೆ ಸರಿಯಾಗುತ್ತಿತ್ತು. ಹೇಳಿದರೆ ಢಾಲು ಹೋಗುತ್ತಿತ್ತು, ಮೆಂಬರಿಕೆ ಹೋಗುತ್ತಿತ್ತು. ಇವು ನಾನು ನನಗೇ ಹೇಳಿಕೊಂಡ ಕಾರಣಗಳು. ಇವುಗಳ ಅಡಿಯಲ್ಲಿ ಇನ್ನೊಂದಿತ್ತು. ಪ್ಲಾಟು ಇಲ್ಲ, ಊರಿಲ್ಲ, ಅಣ್ಣನ ಜೊತೆ ಮಾತಿಲ್ಲ. ಇನ್ನು ಇವನು ಎಲ್ಲಿಗೂ ಹೋಗುವುದಿಲ್ಲ, ನಮ್ಮಲ್ಲೇ ಇರುತ್ತಾನೆ. ಹೀಗೆ ನನಗೆ ಆ ಕಟ್ಟೆಯ ಮೇಲೆ, ಅವನು ಕಣ್ಣು ಒರೆಸಿಕೊಳ್ಳುತ್ತಿರುವಾಗಲೇ ಅನ್ನಿಸಿತ್ತು.

ಆಮೇಲೆ ಪಾರಿಸಪ್ಪನ ಕಾಲು ಹಿಡಿದು ಆ ಮನೆ ಕೊಡಿಸಿದೆ. ಹೊರಗಿನ ಹುಡುಗನಿಗೆ ನೆರಳಾದ ಎಂದು ಊರು ನನ್ನನ್ನು ಹೊಗಳಿತು. ನಾನು ಬೇಡ ಎನ್ನಲಿಲ್ಲ.

ಮರುದಿನ ಮುಂಜಾನೆ ಯಲ್ಲಾಲಿಂಗನ ಮನೆಗೆ ಹೋದೆ. ಅವನು ಕುರಿಗೆ ಹೋಗಿರುತ್ತಾನೆ ಎಂದುಕೊಂಡಿದ್ದೆ. ಹೋಗಿರಲಿಲ್ಲ. ಬಾಗಿಲಲ್ಲಿ ಗೋಣಿಚೀಲ ಹಾಸಿ ಕೂತಿದ್ದ, ಬಲಗಾಲು ಉದ್ದಕ್ಕೆ ಚಾಚಿದ್ದ. ಶಿವಗಂಗವ್ವ ಎಕ್ಕೆಯ ಎಲೆಗೆ ಔಡಲ ಎಣ್ಣೆ ಸವರಿ, ಕೆಂಡಕ್ಕೆ ಹಿಡಿದು, ಅವನ ಮೊಣಕಾಲಿಗೆ ಒಂದೊಂದೇ ಹಚ್ಚುತ್ತಿದ್ದಳು. ನನ್ನನ್ನು ಕಂಡು ಅವನು ಎದ್ದು ನಿಲ್ಲಲು ನೋಡಿದ. ಚೌಕಟ್ಟು ಹಿಡಿದು, ಎಡಗಾಲ ಮೇಲೆ ಭಾರ ಹಾಕಿ, ಅರ್ಧ ಎದ್ದು ನಕ್ಕ.

"ಕುಂದರಪಾ," ಎಂದೆ. ಕಾಶಪ್ಪ ಹೇಳಿದಂತೆ ಹತ್ತಿರ ಕೂತೆ. ಮೊಣಕಾಲು ಹಣ್ಣಾದ ಕುಂಬಳಕಾಯಿಯ ಹಾಗೆ ಉಬ್ಬಿತ್ತು. ಆಟದ ದಿನ ಬಟ್ಟೆ ಬಿಗಿದು ಬರುತ್ತಿದ್ದುದರಿಂದ ನಾನು ಇದನ್ನು ಕಂಡಿರಲಿಲ್ಲ. ಕಾಣಬಾರದೆಂದೇ ಅವನು ಬಿಗಿಯುತ್ತಿದ್ದ.

"ಎಷ್ಟ ದಿನ ಆತು ಇದು?"

"ಚಳಿಗೆ ಒಂದೀಟು ಬಾವು ಬರ್ತೈತ್ರಿ ಕಾಕಾ. ಆಡೂ ಹೊತ್ತಿಗೆ ಇಳೀತೈತಿ."

"ಚಳಿ ಇನ್ನೂ ಬಂದಿಲ್ಲ," ಎಂದಳು ಶಿವಗಂಗವ್ವ, ಎಲೆಯ ಮೇಲಿಂದ ಕಣ್ಣು ಎತ್ತದೆ.

ನಾನು ಬಂದ ಮಾತು ಹೇಳಿದೆ. ನಿನ್ನೆ ಕೂತಿದ್ದೆವು, ಈ ವರ್ಷವೂ ನಿನ್ನ ಹೆಸರು ಕರೆಯುವುದೆಂದು ಆಯಿತು, ಚಿಂತೆ ಮಾಡಬೇಡ.

"ಛಲೋ ಆತ್ರಿ," ಎಂದ ಯಲ್ಲಾಲಿಂಗ. ಬಾಯಲ್ಲಿ ಅಷ್ಟು ಹೇಳಿದ. ಮುಖದಲ್ಲಿ ಏನೂ ಆಗಲಿಲ್ಲ.

ಶಿವಗಂಗವ್ವ ಕೈಯ ಎಲೆ ಕೆಳಗಿಟ್ಟಳು. "ಕಾಕಾ, ಒಂದ ಕೇಳ್ತೀನ್ರಿ. ಸಿಟ್ಟಾಗಬಾರ್ದು. ನೀವು ವೀಳ್ಯ ಕೊಡಾಕತ್ತಿದ್ದು ಈ ಕಾಲಿಗೋ, ಈ ಮನಿಗೋ?"

"ಸುಮ್ನಿರ ಬೇ," ಎಂದ ಅವನು.

"ಯಾಕ ಸುಮ್ನಿರಲಿ. ಕಾಕಾ, ಇವರಿಗೆ ಹೊರಕಡಿಗೆ ಹೋದ್ರ ಕುಂದರಾಕ ಬರೂದಿಲ್ಲ. ಕುರಿ ಹಿಂದ ಹೋದ್ರ ಒಂದ ಗುಡ್ಡ ಹತ್ತಾಕ ಆಗೂದಿಲ್ಲ. ಹೋದ ವರ್ಷ ಮುಧೋಳದಿಂದ ಬಂದ ಮ್ಯಾಲೆ ಹನ್ನೆರಡ ದಿನ ನಾನs ಹೊತ್ತುಕೊಂಡು ಹೊರಗ ಕರಕೊಂಡ ಹೋಗೇನಿ. ಇನ್ನೊಂದ ವರ್ಷ ಆಡಿದ್ರ ಈ ಕಾಲು ಉಳಿಯೂದಿಲ್ಲ. ಆಡಲಿಲ್ಲಂದ್ರ ಮನಿ ಉಳಿಯೂದಿಲ್ಲ. ನೀವು ಊರಿಗೆ ಹಿರೇರು. ಎರಡರಾಗ ಯಾವುದು ಬಿಡಲಿ ನೀವs ಹೇಳ್ರಿ."

ನಾನು ಅವಳು ಕೆಳಗಿಟ್ಟ ಎಲೆಯನ್ನು ಎತ್ತಿ ಅವಳ ಕೈಗೆ ಕೊಟ್ಟೆ.

ಯಲ್ಲಾಲಿಂಗನೇ ಮಾತಾಡಿದ. "ಅಕಿ ಮಾತ ಬಿಡ್ರಿ. ನಾ ಆಡ್ತೀನಿ. ನೀವು ಇಷ್ಟು ಮಾಡಿದ್ದೇ ದೊಡ್ಡದು. ಸ್ವಂತ ಅಣ್ಣ ಮಾಡಲಿಲ್ಲ. ಅಂವ ಅವತ್ತ ನನ್ನ ಹೆಸರು ಬರಸಿದ್ರ ಒಂದು ಪ್ಲಾಟು ಇರ್ತಿತ್ತು, ಇವತ್ತ ಈ ಮಾತ ಬರ್ತಿರಲಿಲ್ಲ. ನನಗ ನೀವs ಅಣ್ಣ, ನೀವs ಅಪ್ಪ."

ನಾನು ಅವನಿಗಾಗಿ ಹಟ ಹಿಡಿದು ವೀಳ್ಯ ಗೆದ್ದುಕೊಂಡು ಬಂದಿದ್ದೆ. ಋಣ ತೀರಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅವನ ಮನೆಯ ಬಾಗಿಲಲ್ಲಿ ಕೂತು ಆ ಕಾಲು ನೋಡಿದಾಗ ಗೊತ್ತಾಯಿತು, ನಾನು ಮಾಡುತ್ತಿದ್ದುದು ಅದಲ್ಲ. ನನ್ನ ಒಂದು ಮಾತು ಒಳಗೇ ಉಳಿಯಲಿ ಎಂದು ಅವನ ಮೊಣಕಾಲನ್ನು ಇನ್ನೊಂದು ವರ್ಷ ಖರ್ಚು ಮಾಡಲು ಹೊರಟಿದ್ದೆ.

"ನಿಮ್ಮಣ್ಣ ನಿನ್ನ ಹೆಸರು ಬಿಟ್ಟಿಲ್ಲೋ," ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಮೊದಲಿನಿಂದ ಹೇಳಿದೆ. ಪಂದ್ಯದ ನಿಯಮ, ರೇಷನ್ ಕಾರ್ಡು, ಐದು ವರ್ಷದ ವಾಸ ಎಂದು ಬರೆಸಿದ್ದು, ಅವನು ಸಹಿ ಮಾಡಿದ ಅರ್ಜಿಯಲ್ಲಿ ಏನಿತ್ತು ಎಂಬುದು. ಶಿವಗಂಗವ್ವ ಎಣ್ಣೆಯ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಕೇಳಿದಳು, ಒರೆಸಿದ್ದನ್ನೇ ಒರೆಸಿದಳು.

ಯಲ್ಲಾಲಿಂಗ ಕೂಗಾಡಲಿಲ್ಲ. ನಿಧಾನವಾಗಿ ಕೇಳಿದ.

"ಇದು ನಿಮಗ ಯಾವಾಗ ಗೊತ್ತಾತ್ರಿ?"

"ನೀ ಬಂದು ಪಟ್ಟಿದ ಸುದ್ದಿ ಹೇಳಿದಾಗ."

"ಅವತ್ತs?"

"ಅವತ್ತs."

"ಆಗ ಸರಿ ಮಾಡಾಕ ಬರ್ತಿತ್ತೇನು?"

"ಬರ್ತಿತ್ತು. ಒಂದ ತಿಂಗಳು ಇತ್ತು."

"ಯಾಕ ಮಾಡಲಿಲ್ಲ?"

ಢಾಲಿನ ಮಾತು ಹೇಳಿದೆ. ಮೆಂಬರಿಕೆಯ ಮಾತು ಹೇಳಿದೆ. ಅವನು ನನ್ನನ್ನೇ ನೋಡುತ್ತಿದ್ದ. ರೈಡಿಗೆ ಹೋದವನು ಎದುರಾಳಿಯ ಕಣ್ಣು ನೋಡುತ್ತಾನೆ, ಕಾಲು ನೋಡುವುದಿಲ್ಲ. ಹಾಗೆ ನೋಡುತ್ತಿದ್ದ. ಉಳಿದದ್ದನ್ನೂ ಹೇಳಿದೆ.

"ನೀ ಹೋಗಬಾರ್ದು, ನಮ್ಮಲ್ಲೇ ಇರಬೇಕಂತ."

ಅವನು ಮೊಣಕಾಲಿನ ಮೇಲಿನ ಎಲೆಗಳನ್ನು ತಾನೇ ಒಂದೊಂದಾಗಿ ಕಿತ್ತು ಬದಿಗೆ ಹಾಕಿದ. "ಅವ್ವ ಸತ್ತಾಗ ಹೋಗಿದ್ದೆ," ಎಂದ. "ಮಣ್ಣ ಮಾಡಿ ಬಂದೆ. ಅಣ್ಣ ನೀರು ಕೊಟ್ಟ, ಕುಡೀಲಿಲ್ಲ. ಆ ಮನ್ಯಾಗ ನೀರು ಕುಡೀಬಾರ್ದು ಅಂತ ಆಣಿ ಮಾಡಿದ್ದೆ."

ಆಮೇಲೆ ಹೇಳಿದ: "ನಾಳೆ ನನ್ನ ಕೂಡ ಬರ್ರಿ. ಇದನ್ನ ಅಣ್ಣನ ಮುಂದ ಹೇಳ್ರಿ. ಒಂದ ಮಾತೂ ಬಿಡಬಾರ್ದು."

ಆ ದಿನ ಮಧ್ಯಾಹ್ನ ಮನೆಯಲ್ಲಿ ನನ್ನ ಹೆಂಡತಿ ಯಲ್ಲಕ್ಕನಿಗೂ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನಮ್ಮ ಕಾರ್ಡಿನ್ಯಾಗ ಅವನ ಹೆಸರು ಯಾಕ ಬಂತು ಅಂತ ನಾ ಅವತ್ತs ಕೇಳಿದ್ದೆ," ಎಂದಳು. "ನಿನಗ್ಯಾಕ ಅಂದ್ರಿ." ಅದು ಖರೆ. ಹಾಗೇ ಅಂದಿದ್ದೆ.

ಬುಧವಾರ ಜಮಖಂಡಿಯಿಂದ ಬೀಳಗಿ ಬಸ್ಸು ಹಿಡಿದೆವು. ಕಿಟಕಿಯ ಸೀಟು ಕೊಡಲು ಹೋದೆ, ಕಾಲು ಚಾಚಲು ಆಗುವುದಿಲ್ಲ ಎಂದು ಅವನು ಈ ಕಡೆಯೇ ಕೂತ. ದಾರಿಯುದ್ದಕ್ಕೂ ಕಬ್ಬು. ನಾನು ಎರಡು ಸಲ ಮಾತಿಗೆ ಶುರು ಮಾಡಿದೆ. ಅವನು ಎರಡು ಸಲವೂ "ಹ್ಞೂಂ" ಎಂದ. ಎಂಟು ವರ್ಷದಲ್ಲಿ ಅವನ ಜೊತೆ ಹತ್ತಾರು ಊರಿಗೆ ಬಸ್ಸಲ್ಲಿ, ಟೆಂಪೋದಲ್ಲಿ ಹೋಗಿದ್ದೇನೆ. ಹೋಗುವಾಗ ಹಾಡುತ್ತಿದ್ದ.

ಪುನರ್ವಸತಿ ಕೇಂದ್ರದಲ್ಲಿ ಇಳಿದಾಗ ಬಿಸಿಲು ಏರಿತ್ತು. ದಾರ ಹಿಡಿದು ಎಳೆದಂಥ ರಸ್ತೆಗಳು, ಗೋಡೆಗೆ ನಂಬರು ಬರೆದ ಮನೆಗಳು. ದೂರದಲ್ಲಿ ಹಿನ್ನೀರು ತಗಡಿನ ಹಾಗೆ ಹೊಳೆಯುತ್ತಿತ್ತು. ಯಲ್ಲಾಲಿಂಗ ಆ ಕಡೆ ಮುಖ ಮಾಡದೆ ಕುಂಟುತ್ತ ಮುಂದೆ ನಡೆದ. ಗೂಳಪ್ಪನ ಮನೆಯ ಮುಂದೆ ಹಿಟ್ಟಿನ ಗಿರಣಿ ಇತ್ತು. ಅವನು ತಲೆ, ಮೀಸೆ ಎಲ್ಲ ಹಿಟ್ಟಾಗಿ ನಿಂತಿದ್ದ. ತಮ್ಮನನ್ನು ಕಂಡು ಗಿರಣಿ ಬಂದ್ ಮಾಡಿದ. ಹಿಟ್ಟು ಬೀಸಲು ಬಂದ ಹೆಂಗಸೊಬ್ಬಳು "ನಂದ ಅರ್ಧ ಆಗೈತಿ" ಎಂದಳು. "ನಾಳೆ ಬಾ ಬೇ," ಎಂದ.

ಯಲ್ಲಾಲಿಂಗ ಹೊಸ್ತಿಲ ಹೊರಗೇ ನಿಂತ. "ಇವರು ನಿನಗ ಏನೋ ಹೇಳ್ಬೇಕಂತ," ಎಂದ.

ನಾನು ಹೇಳಿದೆ. ಒಂದು ಮಾತನ್ನೂ ಬಿಡಲಿಲ್ಲ. ಎರಡನೆಯ ಸಲ ಹೇಳುವುದು ಸುಲಭ ಎಂದುಕೊಂಡಿದ್ದೆ. ಸುಲಭವಾಗಲಿಲ್ಲ.

ಗೂಳಪ್ಪ ಪೂರ್ತಿ ಕೇಳಿದ. ಆಮೇಲೆ ನನ್ನ ಕಡೆ ನೋಡದೆ ತಮ್ಮನಿಗೆ ಹೇಳಿದ:

"ಆ ಕಾಗದ ನಾ ನೋಡೇನಲೇ. ಸರ್ವೇಕ್ಕ ಬಂದವ್ರಿಗೆ ನಿನ್ನ ಹೆಸರು ಹೇಳಿದೆ, ಇವನೂ ನಮ್ಮವನ್ರಿ ಅಂದೆ. ಅವರು ಕಾಗದ ತಗದು ತೋರಿಸಿದ್ರು. ನೋಡು, ನಿನ್ನ ತಮ್ಮ ಐದ ವರ್ಷದಿಂದ ಅಲ್ಲೇ ಅದಾನ ಅಂತ ಬರಕೊಟ್ಟಾನ ಅಂದ್ರು. ತೆಳಗ ಸಹಿ. ನಿಂದs ಸಹಿ. ಸಾಲಿಯಾಗ ನಾನs ಕಲಿಸಿದ್ದ ಸಹಿ, ನನಗ ಗುರತ ಸಿಗೂದಿಲ್ಲೇನು?"

"ನನಗ ಏನ ಬರದೈತಿ ಗೊತ್ತಿರಲಿಲ್ಲ."

"ನನಗೇನ ಗೊತ್ತು ನಿನಗ ಗೊತ್ತಿಲ್ಲಂತ. ಊರು ಹೆಂಗೂ ಮುಳಗತೈತಿ, ಇವಂಗ ನಮ್ಮ ಕೂಡ ಇರೂದು ಬ್ಯಾಡಾಗೈತಿ, ದೊಡ್ಡೋರ ಮನಿ ಸೇರ್ಯಾನ ಅಂತ ತಿಳಕೊಂಡೆ. ಅವ್ವಗೂ ಹಂಗs ಹೇಳಿದೆ." ಅವನು ಮೀಸೆಯ ಹಿಟ್ಟು ಒರೆಸಿದ. "ಅವ್ವ ಸಾಯೂತನಕ ಒಂದs ಕೇಳ್ತಿದ್ಲು. ಅವಂಗ ಆಟ ಅಷ್ಟ ದೊಡ್ಡದಾತೇನು ಅಂತ."

ಯಲ್ಲಾಲಿಂಗ ಗೋಡೆಗೆ ಕೈ ಕೊಟ್ಟು ನಿಂತ. ಕಾಲು ನೋವಿಗೆ ಎಂದು ಯಾರಾದರೂ ತಿಳಿಯಬಹುದಿತ್ತು.

ಗೂಳಪ್ಪ ಆಗ ನನ್ನ ಕಡೆ ತಿರುಗಿದ. ನಾಲ್ಕು ಮಾತು ಬೈದಿದ್ದರೆ, ಕೈ ಎತ್ತಿದ್ದರೆ ನನಗೆ ಹಗುರಾಗುತ್ತಿತ್ತೇನೋ. ಅವನು ಹೇಳಿದ್ದು: "ಮೂರು ವರ್ಷದ ಹಿಂದ ಬಂದಿದ್ರೂ ನಡೀತಿತ್ರಿ. ಅವ್ವ ಇದ್ಲು."

ಆಮೇಲೆ ಒಳಗೆ ಕೂಗಿ ನೀರು ತರಿಸಿದ. ಚೊಂಬನ್ನು ಮೊದಲು ತಮ್ಮನಿಗೆ ಕೊಟ್ಟ. ಯಲ್ಲಾಲಿಂಗ ಕುಡಿದ. ಹೊಸ್ತಿಲ ಮೇಲೆ ಅವನಿಗೆ ಕಾಲು ಎತ್ತಲಾಗಲಿಲ್ಲ. ಅಣ್ಣ ಬಗಲಿಗೆ ಕೈ ಹಾಕಿ ಎತ್ತಿ ಒಳಗೆ ಕರೆದುಕೊಂಡ. ಮನೆಗೆ ಬಂದವನನ್ನು ಉಪವಾಸ ಕಳಿಸಬಾರದೆಂದು ನನ್ನನ್ನೂ ಊಟಕ್ಕೆ ಕರೆದರು. ರೊಟ್ಟಿ, ಪುಂಡಿಪಲ್ಲೆ. ಅಣ್ಣ ತಮ್ಮ ಒಳಗೆ ಒಂದೇ ಕಡೆ ಕೂತು ಉಂಡರು. ನನಗೆ ಪಡಸಾಲೆಯಲ್ಲಿ ಬಡಿಸಿದರು. ತಟ್ಟೆಯಲ್ಲಿ ಏನೂ ಬಿಡಲಿಲ್ಲ.

ಹೊರಡುವಾಗ ಹೇಳಿದೆ. ಬರುವ ದಾರಿಯಲ್ಲೇ ಮನಸ್ಸಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಊರೊಳಗೆ ನಾವು ಮೇವಿನ ಬಣವೆ ಹಾಕುವ ಜಾಗ ಇದೆ, ಒಂದು ಮನೆ ಕಟ್ಟುವಷ್ಟು. ಅದನ್ನು ನಿನ್ನ ಹೆಸರಿಗೆ ಮಾಡಿಕೊಡುತ್ತೇನೆ.

"ಮೊದಲ ಮಾಡ್ರಿ," ಎಂದ ಯಲ್ಲಾಲಿಂಗ. "ಆಮ್ಯಾಲೆ ಹೇಳ್ರಿ."

ಒಂದು ಗಳಿಗೆ ಬಿಟ್ಟು ಇನ್ನೊಂದು ಮಾತು ಹೇಳಿದ. "ಹುಣ್ಣಿವಿ ದಿನ ನನ್ನ ಹೆಸರು ಕರೀಬ್ಯಾಡ್ರಿ. ಬೀರಪ್ಪನ ಮುಂದ ಕರದ್ರ ನಾ ಬರಬೇಕಾಗ್ತೈತಿ."

ನಾನೊಬ್ಬನೇ ತಿರುಗಿ ಬಂದೆ. ಅವನು ಎರಡು ದಿನ ಅಲ್ಲೇ ಉಳಿದ.

ಅದೇ ಸಂಜೆ ಪಾರಿಸಪ್ಪನ ಅಂಗಡಿಗೆ ಹೋಗಿ, ಕಾಶಪ್ಪನನ್ನೂ ಕರೆಸಿ, ಮೂರನೆಯ ಸಲ ಅದೇ ಮಾತು ಹೇಳಿದೆ. ಪಾರಿಸಪ್ಪ ಕನ್ನಡಕ ತೆಗೆದು ಒರೆಸಿದ. ಕಾಶಪ್ಪನಿಗೆ ಹೇಗೂ ಪರಮೇಶ ಬೇಕಾಗಿತ್ತು, ಈಗ ದಾರಿ ತೆರೆದಿತ್ತು. ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ.

"ಹಂಗಾದ್ರ ಆ ಢಾಲು?" ಎಂದ.

"ಯಾರು ಕೇಳಿದ್ರೂ ನಾ ಹೇಳ್ತೀನಿ."

"ಮನಿ?"

"ಯಲ್ಲಾಲಿಂಗ ತನ್ನ ಮನಿ ಕಟ್ಟೂತನಕ ಅಲ್ಲೇ ಇರಲಿ," ಎಂದ ಪಾರಿಸಪ್ಪ. "ಅದು ನನ್ನ ಮಾತು. ಪರಮೇಶನ ಮಗ್ಗ ಎಲ್ಲಿ ಹಾಕಸ್ತಿ ನೋಡು, ಹಾಲಸಿದ್ದಪ್ಪ. ಅದು ನಿನ್ನ ಮಾತು."

ಹುಣ್ಣಿಮೆಯ ದಿನ ಗುಡಿಯ ಮುಂದೆ ನಾನು ತಟ್ಟೆ ಹಿಡಿಯಲಿಲ್ಲ. ಕಾಶಪ್ಪನ ಕೈಗೆ ಕೊಟ್ಟೆ. ಹೆಸರು ಕರೆಯುವ ಮೊದಲು, ನೆರೆದವರ ಮುಂದೆ, ಯಲ್ಲಾಲಿಂಗನಿಗೆ ಈ ವರ್ಷ ವೀಳ್ಯ ಯಾಕಿಲ್ಲ, ಅವನಿಗೆ ಪ್ಲಾಟು ಯಾಕೆ ತಪ್ಪಿತು ಎಂದು ಹೇಳಿದೆ. ನಮ್ಮಲ್ಲಿ ಹಾಗೆ ಹೇಳುವ ರೂಢಿ ಇಲ್ಲ ಎಂದು ಮೊದಲೇ ಬರೆದಿದ್ದೇನೆ. ಹಿರಿಯರು ಕೆಲವರು ನೆಲ ನೋಡಿದರು. ಒಬ್ಬ ಮುದುಕ ಹಿಂದಿನಿಂದ, "ಇಷ್ಟ ದಿನ ಸುಮ್ನಿದ್ದಿ, ಇನ್ನೂ ಸುಮ್ನಿದ್ರ ಯಾರು ಕೇಳ್ತಿದ್ರು," ಎಂದ. ಅವನು ನನ್ನ ಮೇಲಿನ ಪ್ರೀತಿಗೇ ಹೇಳಿದ್ದು. ಕಾಶಪ್ಪ ಹನ್ನೆರಡು ಹೆಸರು ಕರೆದ. ಹನ್ನೆರಡನೆಯದು ಪರಮೇಶನದು. ಹುಡುಗ ಬಂದು ಬಗ್ಗಿ ತೆಗೆದುಕೊಂಡ. ನಿಜಕ್ಕೂ ಒಳ್ಳೆಯ ಕಾಲು.

ಬಣವೆಯ ಜಾಗದ ಕಾಗದಕ್ಕೆ ಎರಡು ತಿಂಗಳು ಹಿಡಿಯಿತು. ಮಗ ಹಣಮಪ್ಪ ಆ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನೀವು ಮಾಡಿದ್ದಕ್ಕೆ ನಮ್ಮ ಜಾಗ ಯಾಕೆ ಎಂಬುದು ಅವನ ಪ್ರಶ್ನೆ, ಅದರಲ್ಲಿ ತಪ್ಪಿಲ್ಲ. ಪರಮೇಶನ ಮಗ್ಗವನ್ನು ನಮ್ಮ ದನದ ಕೊಟ್ಟಿಗೆಯ ಅರ್ಧ ತೆಗೆದು ಹಾಕಿಸಿದೆ. ಕರೆಂಟು ಇರುವಷ್ಟು ಹೊತ್ತೂ ಅದು ಖಟಾಖಟ್ ಎನ್ನುತ್ತದೆ. ಎಮ್ಮೆ ಹಾಲು ಕಡಿಮೆ ಕೊಡುತ್ತಿದೆ ಎಂದು ಯಲ್ಲಕ್ಕ ದಿನಾ ಒಮ್ಮೆ ನನಗೆ ಕೇಳಿಸುವ ಹಾಗೆ ಎಮ್ಮೆಗೆ ಹೇಳುತ್ತಾಳೆ. ನಮ್ಮ ತಂಡ ಆ ವರ್ಷ ಮುಧೋಳದಲ್ಲಿ ಗೆದ್ದಿತು.

ಯಲ್ಲಾಲಿಂಗ ಕಾಗದ ತೆಗೆದುಕೊಂಡು, ಓದಿ, ಗೂಳಪ್ಪನಿಂದಲೂ ಓದಿಸಿದ. ಆಮೇಲೆ ಪಾಯ ಹಾಕಿದ. ಅಣ್ಣ ಬಂದು ಹದಿನೈದು ದಿನ ಇದ್ದು ಕಲ್ಲು ಹೊತ್ತ. ಕಾಲಿನ ಬಾವು ಇಳಿದಿದೆ, ಕುಂಟು ಉಳಿದಿದೆ. ಕುರಿಗಳನ್ನು ಗುಡ್ಡಕ್ಕೆ ಹತ್ತಿಸುವುದಿಲ್ಲ, ಕಾಲುವೆಯ ಬದಿಯಲ್ಲೇ ಮೇಯಿಸುತ್ತಾನೆ.

ಹೊಲಕ್ಕೆ ಹೋಗುವಾಗ ದಿನಾ ಎದುರಾಗುತ್ತಾನೆ. ಮೊದಲಿನ ಹಾಗೆಯೇ ನಿಂತು ಮಾತಾಡಿಸುತ್ತಾನೆ. ಮಳೆಯ ಸುದ್ದಿ ಕೇಳುತ್ತಾನೆ, ಎಮ್ಮೆಯ ಸುದ್ದಿ ಕೇಳುತ್ತಾನೆ.

"ಆರಾಮ ಅದೀರಿ, ಹಾಲಸಿದ್ದಪ್ಪನವ್ರ?" ಎನ್ನುತ್ತಾನೆ.

"ಆರಾಮ ಅದೇನಿಪಾ," ಎನ್ನುತ್ತೇನೆ.

ಮರ್ಯಾದೆಗೆ ಏನೂ ಕಡಿಮೆ ಮಾಡಿಲ್ಲ ಅವನು. ಕಾಕಾ ಎನ್ನುವುದೊಂದನ್ನು ಬಿಟ್ಟಿದ್ದಾನೆ.